ಖಡಿಯ ಕಂಬ

ಹೆಂಡತಿಯ ತಲೆಯೊಳಗೆ ಒಂದು ಸಂಖ್ಯೆ ಇತ್ತು. ಅದನ್ನು ಅವಳು ಅವನಿಗೆ ಹೇಳುವಂತಿರಲಿಲ್ಲ, ಅವನು ಕೇಳುವಂತಿರಲಿಲ್ಲ. ಬೆಳಿಗ್ಗೆ ಹಾಲು ಉಕ್ಕೀತೆಂದು ಒಲೆಯ ಮುಂದೆ ಕಾಯುತ್ತ ನಿಂತಾಗ, ಕನ್ನಡಿಯೆದುರು ಕೂದಲಿಗೆ ಕ್ಲಿಪ್ಪು ಸಿಕ್ಕಿಸುವಾಗ, ಸ್ಕೂಟರಿನ ಹಿಂದೆ ಕುಳಿತು ಎಂದಿನಂತೆ ಅವನ ಹೆಗಲ ಮೇಲೆ ಕೈ ಇಟ್ಟಾಗ ಕೂಡ ಆ ಸಂಖ್ಯೆ ಅವಳೊಳಗೆ ಆರಾಮವಾಗಿ ಕೂತಿದೆ ಎಂದು ನೆನೆದರೆ ಚನ್ನವೀರನ ಮೈ ಉರಿಯುತ್ತಿತ್ತು. ಹೊಸದಾಗಿ ಹಾಕುವ ರೈಲು ಹಳಿಯ ಕೆಳಗೆ ಹಾಸಿ ದಮ್ಮಸು ಮಾಡಬೇಕಾದ ಖಡಿ ಎಂಬ ಜಲ್ಲಿಕಲ್ಲು ಮತ್ತು ಮುರುಮು ಎಂಬ ಗರಸುಮಣ್ಣಿನ ಮಿಶ್ರಣ ಎಷ್ಟು ಭಾರಕ್ಕೆ ಸೋತು ಕುಸಿಯುತ್ತದೆ ಎಂಬುದನ್ನು ಹೆಂಡತಿ ಶೀತಲ್ ಖಡಿಯನ್ನು ಮುಟ್ಟದೆಯೇ, ಕಂಪ್ಯೂಟರಿನಲ್ಲಿ ತಾನೇ ಕಟ್ಟಿದ ಒಂದು ಮಾಡೆಲ್‌ನಿಂದ ಲೆಕ್ಕ ಹಾಕಿದ್ದಳು. ನಿನ್ನೆ ಸಂಜೆ ಆ ಉತ್ತರ ಅವರಿಬ್ಬರೂ ಕೆಲಸ ಮಾಡುವ ಲ್ಯಾಬಿನ ಮಾಲೀಕ ಮಧುಕರ ಸರ್‌ಗೂ ರೈಲ್ವೆಯವರಿಗೂ ಹೋಗಿತ್ತು. ಇವತ್ತು ಚನ್ನವೀರ ಅದೇ ಖಡಿಯಿಂದ ಒಂದು ಕಂಬ ಮಾಡಿ, ಯಂತ್ರದಲ್ಲಿಟ್ಟು, ಒತ್ತಿ ಮುರಿಯಬೇಕು. ಎರಡು ಉತ್ತರಗಳೂ ಕೂಡಿ ಬಂದರೆ ಶೀತಲ್‌ಳ ಮಾಡೆಲ್ ಗೆದ್ದಂತೆ. ಅವನ ಕೈ ಯಾವ ಕಡೆಗೂ ವಾಲಬಾರದೆಂದು ಸಂಖ್ಯೆಯನ್ನು ಅವನೊಬ್ಬನಿಂದ ಮಾತ್ರ ಮುಚ್ಚಿಟ್ಟಿದ್ದರು. ನಿಯಮ ಸರಿಯಾದದ್ದೆಂದು ಅವನೂ ಒಪ್ಪಿದ್ದ. ಒಪ್ಪಿದ ಮೇಲೂ, ಒಂದೇ ಹಾಸಿಗೆಯಲ್ಲಿ ಮಲಗುವ ಹೆಂಗಸು ತನ್ನಿಂದ ಏನನ್ನೋ ಮುಚ್ಚಿಟ್ಟುಕೊಂಡು ಅಷ್ಟು ನಿರುಮ್ಮಳವಾಗಿ ಹೇಗೆ ನಿದ್ದೆ ಹೋದಳು ಎಂಬುದು ಅವನಿಗೆ ಬಗೆಹರಿದಿರಲಿಲ್ಲ.

"ನಾಷ್ಟಾ ಸರಿಯಾಗಿ ಮಾಡಲೇ ಇಲ್ಲಲ್ರಿ," ಎಂದಳು ಹಿಂದಿನಿಂದ, ಸಿಗ್ನಲ್ಲಿನಲ್ಲಿ ನಿಂತಾಗ. "ಅಂಜಿಕಿ ಬಂದದೇನು?"

"ನನಗ್ಯಾಕ ಅಂಜಿಕಿ? ಪರೀಕ್ಷಾ ನಿಂದು."

ಅವಳು ನಕ್ಕದ್ದು ಅವನ ಬೆನ್ನಿಗೆ ಗೊತ್ತಾಯಿತು. ಅಂಜಿಕೆ ಇದ್ದವರು ಹಾಗೆ ನಗುವುದಿಲ್ಲ.

ಮಗರಪಟ್ಟಾದ ಗಾಜಿನ ಕಟ್ಟಡಗಳು ಬಲಗಡೆ ಸರಿಯುತ್ತಿದ್ದವು. ಕೈ ಹಿಡಿದು ಕಲಿಸಿದವನು ತಾನೇ ಅಲ್ಲವೇ ಎಂದು ಅವನು ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತಿದ್ದನೋ. ಮದುವೆಯಾಗಿ ಮುಧೋಳದಿಂದ ಈ ಮರಾಠಿ ಊರಿಗೆ ಬಂದ ಹೊಸತರಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ಹುಡುಗಿ ಅತ್ತೆಯ ಜೊತೆ ಕೂತು ಧಾರಾವಾಹಿ ನೋಡುತ್ತಾಳಲ್ಲ ಎಂದು ಅವನಿಗೇ ಮರುಕ ಹುಟ್ಟಿ ಲ್ಯಾಬಿಗೆ ಕರೆದುಕೊಂಡು ಹೋಗಿದ್ದ. ಮೊದಲ ದಿನ ಅವಳು ಖಡಿಯ ಜರಡಿಯನ್ನು ಜೋಳದ ಹಿಟ್ಟು ಸಾಣಿಸುವ ಹಾಗೆ ಅಂಗೈಯಿಂದ ತಟ್ಟಿ ತಟ್ಟಿ ಆಡಿಸಿದಳು. ಅವನು ಬಿದ್ದು ಬಿದ್ದು ನಕ್ಕು, ಹಿಂದೆ ನಿಂತು ಅವಳ ಎರಡೂ ಕೈಗಳನ್ನು ಹಿಡಿದು ಹೀಗಲ್ಲ, ಹೀಗೆ ಎಂದು ತೋರಿಸಿದ್ದ. ಅವಳ ಕಿವಿಯ ಹಿಂದೆ ಕಲ್ಲಿನ ಬಿಳಿ ಹುಡಿ ಕೂತಿತ್ತು. ಆ ಹುಡಿಯನ್ನು ಊದಿದ್ದು, ಅವಳು ಯಾರಾದರೂ ಬಂದಾರು ಎಂದು ಬಾಗಿಲ ಕಡೆ ನೋಡಿದ್ದು. ಆಮೇಲೆ ಅವಳು ಪ್ರಶ್ನೆ ಕೇಳಲಾರಂಭಿಸಿದಳು. ಇಷ್ಟು ಕಂಬ ಮುರದೀರಿ, ಮುಂದಿಂದು ಎಷ್ಟಕ್ಕ ಮುರೀತದ ಅಂತ ಮೊದ್ಲ ಹೇಳಾಕ ಬರೂದಿಲ್ಲೇನು ಸರ್ ಎಂದು ಕೇಳಿದ್ದಳು ಒಂದು ಮಧ್ಯಾಹ್ನ, ಡಬ್ಬಿ ಬಿಚ್ಚುತ್ತ. ಮುರದ ಮ್ಯಾಲ ಗೊತ್ತಾಗ್ತದ ಎಂದು ಅವನು ಬದನೆಕಾಯಿ ಪಲ್ಯಕ್ಕೆ ಕೈ ಹಾಕಿದ್ದ. ಆ ಮಾತು ಎಷ್ಟು ದಡ್ಡತನದ್ದೆಂದು ಈಗ ನೆನಪಾದರೆ ಹೆಲ್ಮೆಟ್ಟಿನೊಳಗೆ ಕಿವಿ ಬಿಸಿಯಾಗುತ್ತದೆ. ಅವನು ಇಷ್ಟು ವರ್ಷ ಮುರಿದ ಕಂಬಗಳ ಫಲಿತಾಂಶವನ್ನೆಲ್ಲ ಅವಳು ತನ್ನ ಮಾಡೆಲ್‌ಗೆ ಉಣಿಸಿದಳು. ಯಾವ ಗಾತ್ರದ ಕಲ್ಲು ಎಷ್ಟು, ನೀರು ಎಷ್ಟು, ದಮ್ಮಸು ಎಷ್ಟು ಬಿಗಿ, ಕೊನೆಗೆ ಎಷ್ಟಕ್ಕೆ ಕುಸಿಯಿತು. ಅದು ಅವನ ತುತ್ತು ತಿಂದೇ ಬೆಳೆದದ್ದು. ಹಾಗಾದರೆ ಸಂತೋಷವಾಗಬೇಕಿತ್ತು. ಅವಳಿಗೆ ಬೇರೆ ಗಂಡಸಿನ ಮೇಲೆ ಮನಸ್ಸಾಗಿದ್ದರೆ ಆ ಸಂಕಟಕ್ಕೆ ಒಂದು ಹೆಸರಾದರೂ ಇರುತ್ತಿತ್ತು, ಜಗಳವಾಡಬಹುದಿತ್ತು, ಅವ್ವನೆದುರು ಅಳಬಹುದಿತ್ತು. ಹೆಂಡತಿ ತನಗಿಂತ ಜಾಣೆ ಎಂದು ಯಾರ ಮುಂದೆ ಹೋಗಿ ಅಳುವುದು?

ಇಂದಾಪುರದ ಹತ್ತಿರ ಹೆದ್ದಾರಿ ಕೆಲಸಕ್ಕೆ ಇಬ್ಬರೂ ಹೋಗಿದ್ದಾಗ ಅಲ್ಲಿನ ಇಂಜಿನಿಯರು ಮರಾಠಿಯಲ್ಲಿ, ಭಾರೀ ವಿನಯದಿಂದಲೇ, "ನೀವು ಶೀತಲ್ ಮೇಡಮ್ಮಿನ ಮಿಸ್ಟರ್ ಅಲ್ಲವೇ?" ಎಂದು ಕೇಳಿ, ಅವಳ ಲ್ಯಾಪ್‌ಟಾಪಿನ ಚೀಲವನ್ನು ಅವನ ಕೈಗೆ ಕೊಟ್ಟು, ಅವಳನ್ನು ರೋಲರಿನ ಕಡೆ ಕರೆದುಕೊಂಡು ಹೋಗಿದ್ದ. ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸುತ್ತಿದ್ದ ಆ ರಸ್ತೆಯ ಅಂಚಿನಲ್ಲಿ ಮಿಸ್ಟರ್ ಚನ್ನವೀರ ಚೀಲ ಹಿಡಿದು ನಿಂತಿದ್ದ. ಕೆಳಗಿಡೋಣವೆಂದರೆ ನೆಲವೆಲ್ಲ ಧೂಳು. ಅವಳು ಮಾತಾಡಿದ ಇಂಜಿನಿಯರುಗಳ ಸಮ್ಮೇಳನದ ಫೋಟೋ ಪತ್ರಿಕೆಯಲ್ಲಿ ಬಂದಾಗ ಅವಳ ಪಕ್ಕದಲ್ಲಿ ಅವನ ಮೊಣಕೈ ಮಾತ್ರ ಉಳಿದಿತ್ತು. ಅವ್ವ ಸಾವಂತ್ರವ್ವ ಆ ಚಿತ್ರವನ್ನು ಕತ್ತರಿಸಿ ದೇವರ ಜಗುಲಿಯ ಪಕ್ಕ ಅಂಟಿಸಿದ್ದಾಳೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗಲೆಲ್ಲ ಚನ್ನವೀರ ತನ್ನ ಮೊಣಕೈಯನ್ನು ನೋಡಬೇಕು. ಮೊನ್ನೆ ಮಧುಕರ ಸರ್ ಹೆಗಲ ಮೇಲೆ ಕೈ ಹಾಕಿ, ಈ ಮಾಡೆಲ್ ಪಾಸಾದರೆ ನಿನ್ನ ದೊಡ್ಡ ಯಂತ್ರಕ್ಕೆ ರಜೆ, ಆ ಕೋಣೆಯಲ್ಲಿ ಮೇಡಮ್ಮಿಗೆ ಹೊಸ ಕಂಪ್ಯೂಟರು ಇಡಿಸೋಣ, ನೀನು ಆರಾಮವಾಗಿ ಸೈಟಿನಿಂದ ಸ್ಯಾಂಪಲ್ ತಂದುಕೊಡುತ್ತಿರು ಎಂದಿದ್ದರು. ಅದನ್ನು ಅವರು ಒಳ್ಳೆಯ ಸುದ್ದಿಯಂತೆ ಹೇಳಿದ್ದರು.

ಲ್ಯಾಬಿನ ಹೊಸ್ತಿಲು ದಾಟಿದೊಡನೆ ಶೀತಲ್ ಅವನಿಗೆ "ಸರ್" ಎನ್ನುತ್ತಾಳೆ. ಮನೆಯ "ರೀ" ಸ್ಕೂಟರಿನ ಸ್ಟ್ಯಾಂಡಿನ ಹತ್ತಿರ ಉಳಿದುಬಿಡುತ್ತದೆ. "ಸರ್, ಸ್ಯಾಂಪಲ್ ರೆಡಿ ಅದ," ಎಂದು ಹೇಳಿ ಅವಳು ತನ್ನ ಕೋಣೆಗೆ ಹೋದಳು. ಕೈಕೆಲಸದ ಫಕೀರಪ್ಪ ಖಡಿಯ ಚೀಲಗಳನ್ನು ತಂದು ಸಾಲಾಗಿ ಇಟ್ಟ. ಯಂತ್ರದ ಕೋಣೆಯಲ್ಲಿ ಈಗ ಅವನು, ಉಕ್ಕಿನ ಅಚ್ಚು, ಅದರೊಳಗೆ ಬಿಗಿದ ರಬ್ಬರಿನ ಚೀಲ, ದಮ್ಮಸಿನ ಸುತ್ತಿಗೆ. ಮೊಣಕಾಲಿಗಿಂತ ತುಸು ಎತ್ತರದ ಕಂಬ. ಪದರ ಪದರವಾಗಿ ಖಡಿ ಸುರಿಯುವುದು, ಕುಟ್ಟುವುದು, ಮತ್ತೆ ಸುರಿಯುವುದು, ಮತ್ತೆ ಕುಟ್ಟುವುದು, ಅಷ್ಟೇ. ರಸ್ತೆಯ ಮೇಲೆ ಲಾರಿ ಸುರಿದು ಹೋದದ್ದನ್ನು ರೋಲರು ಹೇಗೆ ತುಳಿಯುತ್ತದೆಯೋ ಹಾಗೆ. ಎಷ್ಟು ತೂಕ, ಎಷ್ಟು ನೀರು, ಎಷ್ಟು ಎತ್ತರ ಎಂಬುದಕ್ಕೆ ಕಟ್ಟಳೆಯಿದೆ. ನೀರಿನ ಮಗ್ಗು ಕೈಯಲ್ಲಿ ಹಿಡಿದಾಗ ಅವನಿಗೆ ಮೊದಲ ಸಲ ಅದು ಹೊಳೆಯಿತು. ಇನ್ನರ್ಧ ಮಗ್ಗು ಬಿದ್ದರೆ ಸಾಕು, ಮುರುಮು ಮೆತ್ತಗಾಗಿ ಕಂಬ ಬೇಗ ಕೂತುಬಿಡುತ್ತದೆ, ಅವಳ ಸಂಖ್ಯೆಯ ಹತ್ತಿರಕ್ಕೂ ಹೋಗುವುದಿಲ್ಲ. ಯಾರಿಗೂ ತಿಳಿಯದು. ಅವನು ಮಗ್ಗನ್ನು ಹಾಗೆಯೇ ಹಿಡಿದು ನಿಂತ. ಅವನ ಕೈಯಿಂದ ಹೊರಟ ಕಂಬ ಮಧುಕರ ಸರ್‌ನ ಕಣ್ಣೆದುರು ಹಸಿ ಹಿಟ್ಟಿನಂತೆ ಕುಸಿಯುವುದೇ? ಛೆ. ಕೆಟ್ಟದ್ದನ್ನು ಕೆಟ್ಟದಾಗಿ ಮಾಡುವುದಕ್ಕೂ ಅವನ ಅಭಿಮಾನ ಬಿಡಲಿಲ್ಲ. ಮಗ್ಗನ್ನು ಕೆಳಗಿಟ್ಟ.

"ಫಕೀರಪ್ಪ, ಚಾ ಕುಡದು ಬಾ ಹೋಗು. ಆಮ್ಯಾಲ ಕರೀತೀನಿ."

"ಕುಟ್ಟಾಕ ನಾ ಬ್ಯಾಡೇನ್ರಿ ಸರ?"

"ಇವತ್ತ ನಾನ ಕುಟ್ಟತೀನಿ."

ಬಾಗಿಲು ಮುಚ್ಚಿದ ಮೇಲೆ ಅವನು ಮಂಡಿಯೂರಿ ಕೂತು, ಸುರಿಯುವ ಬದಲು, ಒಂದು ಚಪ್ಪಟೆ ಖಡಿಯನ್ನು ಎತ್ತಿಕೊಂಡು ಅಚ್ಚಿನ ತಳದಲ್ಲಿ ಅಡ್ಡ ಮಲಗಿಸಿದ. ಅದರ ಮೂಲೆಗೆ ಇನ್ನೊಂದರ ಮೂಲೆ ಕಚ್ಚುವ ಹಾಗೆ ಇಟ್ಟ. ನಡುವಿನ ಸಂದಿಗೆ ಗೋಲಿಯಷ್ಟು ದೊಡ್ಡದೊಂದನ್ನು ಆರಿಸಿ ಹೆಬ್ಬೆರಳಿನಿಂದ ಒತ್ತಿದ. ಉಳಿದ ಚೂರು ಸಂದಿಗೆ ಮುರುಮು ಚಿಮುಕಿಸಿದ. ತೂಕ ಅದೇ, ನೀರು ಅದೇ, ಎತ್ತರವೂ ಅದೇ ಆಗುತ್ತದೆ. ಕಟ್ಟಳೆಯ ಒಂದು ಅಕ್ಷರವನ್ನೂ ಮೀರಿದಂತಲ್ಲ. ಆದರೆ ಸುರಿದ ಖಡಿ ಬೇರೆ, ಕೂರಿಸಿದ ಖಡಿ ಬೇರೆ ಎಂಬುದು ಗೋಡೆ ಕಟ್ಟುವುದನ್ನು ನೋಡಿದ ಯಾರಿಗಾದರೂ ಗೊತ್ತು. ಪದರ ಮುಗಿದಾಗ ಮೇಲ್ಮೈಯನ್ನು ಮೊಳೆಯಿಂದ ಗೀರಿ ಒರಟು ಮಾಡಿ ಮುಂದಿನ ಪದರ ಅದಕ್ಕೆ ಹಲ್ಲು ಕಚ್ಚುವಂತೆ ಮಾಡಿದ. ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ, ಸುತ್ತಿಗೆಯ ಪೆಟ್ಟು ಒಂದೇ ಹದದಲ್ಲಿ. ಮೇಡಮ್ಮಿನ ಮಿಸ್ಟರ್. ಪೆಟ್ಟು. ಮೇಡಮ್ಮಿನ ಚೀಲ. ಪೆಟ್ಟು. ಅವಳು ನಿದ್ದೆಯಲ್ಲಿ ಮಗ್ಗಲು ಬದಲಿಸಿದ್ದು, ಹಾಲಿನ ಮುಂದೆ ನಿಂತಾಗ ತನ್ನಷ್ಟಕ್ಕೆ ಮುಗುಳ್ನಕ್ಕದ್ದು. ಬೆವರು ಮೂಗಿನ ತುದಿಯಿಂದ ಖಡಿಯ ಮೇಲೆ ಬೀಳದಂತೆ ತೋಳಿನಿಂದ ಒರೆಸಿಕೊಂಡ. ನಡುವೆ ಎಲ್ಲೋ ಸಿಟ್ಟು ತಣ್ಣಗಾಗಿ ಕೆಲಸ ಮಾತ್ರ ಉಳಿಯಿತು. ಒಂದೊಂದು ಕಲ್ಲಿಗೂ ಅದರ ಜಾಗ ಹುಡುಕಿ ಕೊಡುವುದರಲ್ಲಿ ಅವನಿಗೆ ಹಿಡಿಸಲಾರದಷ್ಟು ಸುಖವಾಯಿತು. ಇಷ್ಟು ಮನಸ್ಸಿಟ್ಟು ಅವನು ಏನನ್ನಾದರೂ ಮುಟ್ಟಿ ವರ್ಷಗಳಾಗಿದ್ದವು. ಹೆಂಡತಿಯನ್ನೂ ಅಷ್ಟೇ. ಕೊನೆಯ ಪದರವನ್ನು ಅಂಗೈಯಿಂದ ಸವರಿ ಮಟ್ಟ ನೋಡಿದಾಗ, ಇದು ತನ್ನ ಜೀವಮಾನದ ಕಂಬ ಎಂದು ಅವನಿಗೆ ಅನುಮಾನವೇ ಉಳಿಯಲಿಲ್ಲ.

ಮಧುಕರ ಸರ್ ಬಂದು ಕುರ್ಚಿ ಎಳೆದುಕೊಂಡರು. ಶೀತಲ್ ಪರದೆಯ ಪಕ್ಕ ಕೈ ಕಟ್ಟಿ ನಿಂತಳು. ಕಂಬ ಗಾಜಿನ ಕೋಶದೊಳಗೆ ನೀರಿನ ನಡುವೆ ನಿಂತಿತ್ತು. ಸುತ್ತಲಿನ ನೀರು ಅದನ್ನು ನೆಲದೊಳಗಿನಂತೆ ಅಮುಕುತ್ತದೆ, ಮೇಲಿನಿಂದ ಯಂತ್ರ ರೈಲಿನಂತೆ ಒತ್ತುತ್ತದೆ. ಗುಂಡಿ ಒತ್ತಿದ ಮೇಲೆ, ಇನ್ನು ಮುಚ್ಚಿಡುವ ಅಗತ್ಯವಿಲ್ಲವೆಂದು, ಅವಳು ಪರದೆಯ ಮೇಲೆ ತನ್ನ ಸಂಖ್ಯೆಯನ್ನು ಚುಕ್ಕಿಗೆರೆಯಾಗಿ ತೋರಿಸಿದಳು. ಅಷ್ಟೇ ಏನು, ಎನ್ನಿಸಿತು ಅವನಿಗೆ. ಇಡೀ ರಾತ್ರಿ ಸುಟ್ಟದ್ದು ಈ ಅಡ್ಡಗೆರೆಯೇ! ನೀಲಿ ಗೆರೆ ಏರತೊಡಗಿತು. ಚುಕ್ಕಿಗೆರೆಯ ಹತ್ತಿರ ಬಂದಾಗ ಶೀತಲ್ ಕಟ್ಟಿದ ಕೈ ಬಿಟ್ಟಳು. ಗೆರೆ ಬಾಗಬೇಕು, ಇನ್ನು ಬಾಗಬೇಕು ಎಂದು ಅವಳ ಕತ್ತೇ ತುಸು ಬಾಗಿತ್ತು. ಗೆರೆ ಬಾಗಲಿಲ್ಲ. ಚುಕ್ಕಿಗಳನ್ನು ದಾಟಿ ಮೇಲೆ ಹೋಯಿತು.

"ಅರೇ!" ಎಂದರು ಮಧುಕರ ಸರ್.

ಇನ್ನೂ ಮೇಲೆ ಹೋಯಿತು. ಚನ್ನವೀರ ತನ್ನ ಮುಖ ಅವರಿಗೆ ಕಾಣದಿರಲೆಂದು ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿಯ ಮುಖ ಸಪ್ಪಗಾಗುವುದನ್ನು ನೋಡಿದ. ಹೌದು, ಸಂತೋಷಪಟ್ಟ. ಎಲ್ಲರೆದುರು ಕೂಗಿ ಹೇಳಬೇಕೆನಿಸುವಷ್ಟು ಸಂತೋಷ. ಕಡೆಗೊಮ್ಮೆ ಗೆರೆ ಬಾಗಿ ಕಂಬ ಸೋತಾಗ ಅದು ಅವಳ ಗೆರೆಗಿಂತ ಕಾಲು ಪಾಲಿನಷ್ಟು ಮೇಲೆ ನಿಂತಿತ್ತು. ಚುಕ್ಕಿಗಳಿಗೂ ಆ ತುದಿಗೂ ನಡುವೆ ಉಳಿದ ಬಿಳಿ ಜಾಗವನ್ನು ಅವನು ನೋಡುತ್ತಿದ್ದಂತೆ ಅವಳೂ ಅದನ್ನೇ ನೋಡಿದಳು, ಆಮೇಲೆ ತಿರುಗಿ ಅವನನ್ನು ನೋಡಿದಳು. ಅವನ ಸಂತೋಷ ಅಲ್ಲೇ ನಿಂತಿತು. ಅವನ ಕೈಯ ಎಲ್ಲ ಕಂಬಗಳನ್ನೂ ಬಲ್ಲವಳು ಅವಳೊಬ್ಬಳೇ. ಅವನು ದಿನದಂತೆ ಮಾಡಿದ್ದರೆ ಗೆರೆ ಎಲ್ಲಿ ಬಾಗಬೇಕಿತ್ತೆಂಬುದು ಅವಳಿಗೆ ನಿನ್ನೆಯೇ ಗೊತ್ತಿತ್ತು. ಮಿಕ್ಕದ್ದು ಏನೆಂದು ಅವಳು ಈಗ ಲೆಕ್ಕ ಹಾಕುತ್ತಿದ್ದಾಳೆ. ಅವನ ಹೊಟ್ಟೆಕಿಚ್ಚಿಗೆ ಮೊದಲ ಸಲ ಒಂದು ಅಳತೆ ಸಿಕ್ಕಿತ್ತು, ಅದೂ ಪರದೆಯ ಮೇಲೆ, ಮಾಲೀಕರೆದುರು.

ಮಧುಕರ ಸರ್ ಮಾತ್ರ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. "ಮಸ್ತ್!" ಎಂದರು. "ಮೇಡಮ್, ಇದರಲ್ಲಿ ಬೇಸರವೇನು? ಖಡಿ ನಾವಂದುಕೊಂಡದ್ದಕ್ಕಿಂತ ಗಟ್ಟಿ. ಮಾಡೆಲ್‌ನ ಗುಣಕ ಏರಿಸಿಬಿಡಿ. ಹಳಿಯ ಕೆಳಗಿನ ಪದರ ಅಷ್ಟು ದಪ್ಪ ಬೇಕಿಲ್ಲ ಎಂದು ಬರೆಯೋಣ. ರೈಲ್ವೆಯವರು ಕುಣಿದಾಡುತ್ತಾರೆ."

ಚನ್ನವೀರ ಇದನ್ನು ಎಣಿಸಿರಲಿಲ್ಲ. ಅವಳು ಸೋಲಬೇಕು ಎನ್ನುವ ತನಕ ಅವನ ಯೋಚನೆ ಹೋಗಿತ್ತು, ಅದರ ಆಚೆಗೆ ಒಂದು ಹಳಿ ಇದೆ ಎಂಬುದು ಮರೆತೇಹೋಗಿತ್ತು. ತೆಳುವಾಗಿ ಹಾಸಿದ ಖಡಿ, ಮಳೆಗಾಲ, ಅದರ ಮೇಲೆ ಬೋಗಿಗಳ ಸಾಲು, ಕಿಟಕಿಗೆ ತಲೆಯಾನಿಸಿ ಮಲಗಿದ ಜನ. ಅಲ್ಲಿ ಯಾರು ಮಂಡಿಯೂರಿ ಒಂದೊಂದೇ ಕಲ್ಲು ಕೂರಿಸುತ್ತಾರೆ? ಹೇಳಬೇಕು, ಈಗಲೇ ಹೇಳಬೇಕು ಎಂದು ಮಾತು ನಾಲಿಗೆಯ ತುದಿಯವರೆಗೂ ಬಂತು.

"ಬ್ಯಾಡ ಸರ್," ಎಂದಳು ಶೀತಲ್, ಮರಾಠಿ ಮರೆತು ಕನ್ನಡದಲ್ಲಿ. ಆಮೇಲೆ ಮರಾಠಿಯಲ್ಲೇ, "ಒಮ್ಮೆ ಕಂಬ ಬಿಚ್ಚಿ ನೋಡೋಣ," ಎಂದಳು.

ನೀರು ಇಳಿಸಿ ರಬ್ಬರನ್ನು ಕೊಯ್ದಾಗ ಕಂಬ ಕುಸಿದು ಬೀಳಲಿಲ್ಲ. ಹೊಟ್ಟೆ ಉಬ್ಬಿ, ಅಡ್ಡಕ್ಕೆ ಬಿರುಕು ಬಿಟ್ಟು, ನಿಂತೇ ಇತ್ತು. ಶೀತಲ್ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಒಂದು ಖಡಿಯನ್ನು ಕೀಳಲು ನೋಡಿದಳು, ಬರಲಿಲ್ಲ. ಪದರಕ್ಕೂ ಪದರಕ್ಕೂ ನಡುವಿನ ಗೆರೆ ಹುಡುಕುತ್ತ ಬೆರಳನ್ನು ಮೇಲಿನಿಂದ ಕೆಳಗೆ ಎಳೆದಳು, ಅದೂ ಸಿಗಲಿಲ್ಲ. ಚಪ್ಪಟೆ ಕಲ್ಲುಗಳು ಒಂದರ ಸೆರಗಿನಲ್ಲಿ ಒಂದು ಮಲಗಿದ್ದವು. ಅವಳ ಬೆರಳು ಒಂದು ಗೋಲಿಯಷ್ಟು ಕಲ್ಲಿನ ಮೇಲೆ, ಅವನು ಹೆಬ್ಬೆರಳಿನಿಂದ ಒತ್ತಿದ್ದ ಅದೇ ಜಾಗದಲ್ಲಿ, ನಿಂತಿತು.

"ಇದನ್ನ ರೋಲರ್ ಮಾಡೂದಿಲ್ರಿ," ಎಂದಳು ಮೆಲ್ಲಗೆ, ತಲೆಯೆತ್ತದೆ.

ಲ್ಯಾಬಿನೊಳಗೆ ಅವಳು "ರೀ" ಎಂದದ್ದು ಅದೇ ಮೊದಲು. ಮಧುಕರ ಸರ್‌ಗೆ ಕನ್ನಡ ಬಾರದು. "ಏನಂತೆ?" ಎಂದು ಅವನನ್ನು ಕೇಳಿದರು. "ಚನ್ನವೀರ, ಪದ್ಧತಿಯ ಪ್ರಕಾರವೇ ಮಾಡಿದ್ದೀ ತಾನೆ?"

ತೂಕ ಅದೇ, ನೀರು ಅದೇ, ಎತ್ತರ ಅದೇ. "ಪದ್ಧತಿಯ ಪ್ರಕಾರವೇ ಸರ್," ಎಂದ ಅವನು. ಧ್ವನಿ ನಡುಗಲಿಲ್ಲ. ನಡುಗಿದ್ದರೆ ತನ್ನ ಬಗ್ಗೆ ತನಗೆ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು ಎಂದು ಆಮೇಲೆ ಅನ್ನಿಸಿತು.

ಶೀತಲ್ ಎದ್ದು ಕೈಯ ಮಣ್ಣು ಕೊಡವಿದಳು. ಅವನು ಅವಳ ಬಾಯನ್ನೇ ನೋಡಿದ. ಈಗ ಹೇಳುತ್ತಾಳೆ. ಹೇಳಲಿ. ಅವಳು ಮಾಲೀಕರತ್ತ ತಿರುಗಿ, ಒಂದೇ ಕಂಬದ ಮೇಲೆ ಗುಣಕ ಬದಲಿಸುವುದು ಸರಿಯಲ್ಲ, ಖಡಿ ಉಳಿದಿದೆ, ಮಧ್ಯಾಹ್ನ ಇನ್ನೊಂದು ಮಾಡೋಣ, ಈ ಸಲ ನಾನೇ ಕುಟ್ಟುತ್ತೇನೆ ಎಂದಳು. ಅವನ ಬಗ್ಗೆ ಒಂದು ಮಾತೂ ಇಲ್ಲ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ.

ಊಟದ ಡಬ್ಬಿ ಯಾರೂ ಬಿಚ್ಚಲಿಲ್ಲ. ಶೀತಲ್ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಸುತ್ತಿಗೆ ಎತ್ತಿದಳು. ಫಕೀರಪ್ಪ ಸುರಿದ, ಅವಳು ಕುಟ್ಟಿದಳು. ಖಡಿ ಬಿದ್ದ ಹಾಗೆ ಬಿತ್ತು, ದೊಡ್ಡವು ಅಂಚಿಗೆ ಉರುಳಿದವು, ಸಣ್ಣವು ನಡುವೆ ಉಳಿದವು. ಅವಳ ಪೆಟ್ಟುಗಳು ಒಂದು ಹಗುರ, ಒಂದು ಭಾರ. ತೂಕಕ್ಕೆ, ಎತ್ತರಕ್ಕೆ ಸರಿಯಾಗಿ ಬಂತು, ಅಷ್ಟೇ. ಗೋಡೆಗೆ ಒರಗಿ ನಿಂತ ಚನ್ನವೀರನ ಬೆರಳುಗಳು ತಾವಾಗಿಯೇ ತುರಿಸತೊಡಗಿ ಅವನು ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಮೂರನೆಯ ಪದರದಲ್ಲಿ ಅವಳ ತೋಳು ಸೋತು ಸುತ್ತಿಗೆ ಜಾರಿತು. ತಡೆಯಲಾಗದೆ ಮುಂದೆ ಬಂದು ಹಿಡಿಗೆ ಕೈ ಹಾಕಿದ. ಜರಡಿ ಹಿಡಿದಿದ್ದ ಆ ದಿನದಂತೆ ಅವರ ಕೈಗಳು ಒಂದರ ಮೇಲೊಂದು ಬಂದವು. ಅವಳ ಕಿವಿಯ ಹಿಂದೆ ಅದೇ ಬಿಳಿ ಹುಡಿ.

"ಬ್ಯಾಡ್ರಿ," ಎಂದಳು. "ನಿಮ್ಮ ಕೈ ಬ್ಯಾಡ."

ಅವನು ಕೈ ತೆಗೆದ.

ಸಂಜೆಯ ಹೊತ್ತಿಗೆ ನೀಲಿ ಗೆರೆ ಚುಕ್ಕಿಗಳನ್ನು ಮುಟ್ಟಿ, ಅಲ್ಲೇ ಬಾಗಿ, ಇಳಿಯಿತು. ಮಧುಕರ ಸರ್ ಅಲ್ಲಿಂದಲೇ ರೈಲ್ವೆಯವರಿಗೆ ಫೋನು ಮಾಡಿದರು. ಬೆಳಗಿನದನ್ನು ಬಿಟ್ಟುಬಿಡೋಣ, ಎಲ್ಲೋ ಏನೋ ಎಡವಟ್ಟಾಗಿದೆ ಎಂದರು. ಫಕೀರಪ್ಪ ಬೆಳಗಿನ ಕಂಬವನ್ನು ಸಲಾಕೆಯಿಂದ ಒಡೆಯಬೇಕಾಯಿತು. "ಏನ್ ಗಟ್ಟಿ ಅದ ಇದು!" ಎನ್ನುತ್ತ ಬುಟ್ಟಿಯಲ್ಲಿ ತುಂಬಿ ಹಿತ್ತಿಲಿನ ಖಡಿಯ ಗುಡ್ಡೆಗೆ ಸುರಿದು ಬಂದ. ಚನ್ನವೀರ ಸ್ಕೂಟರು ತೆಗೆಯುವಾಗ ಆ ಗುಡ್ಡೆಯ ಕಡೆ ನೋಡಿದ. ಯಾವುದು ಅವನು ಮುಟ್ಟಿದ ಕಲ್ಲು, ಯಾವುದು ಅಲ್ಲ ಎಂದು ತಿಳಿಯುವಂತಿರಲಿಲ್ಲ. ದಾರಿಯುದ್ದಕ್ಕೂ ಅವಳು ಕೈಯನ್ನು ಎಂದಿನಂತೆ ಅವನ ಹೆಗಲ ಮೇಲೇ ಇಟ್ಟಿದ್ದಳು. ಆ ಕೈ ಬಿಗಿದಿದೆಯೋ ಸಡಿಲವಾಗಿದೆಯೋ ಎಂದು ತಿಳಿಯಲು ಅವನು ಮನೆಯವರೆಗೂ ಪ್ರಯತ್ನಿಸಿದ.

ಸಾವಂತ್ರವ್ವ ರೊಟ್ಟಿ ಬಡಿದು ಇಟ್ಟಿದ್ದಳು. ಸೊಸೆ ಕೈಕಾಲು ತೊಳೆದು ಬಂದು ಬಡಿಸಲು ನಿಂತಾಗ, "ಇವತ್ತೇನೋ ಪರೀಕ್ಷಾ ಅಂದಿದ್ದೆಲ್ಲವಾ, ಏನಾತು?" ಎಂದು ಕೇಳಿದಳು.

"ಪಾಸಾತ್ರಿ ಅತ್ತಿ."

"ಭಾಳ ಚಲೋ ಆತು. ಇಂವಾ ಏನ್ ಮಾಡಿದಾ? ಸುಮ್ಮನ ನಿಂತಿದ್ನೇನು?"

ಚನ್ನವೀರ ತಟ್ಟೆಯ ಅಂಚನ್ನು ನೋಡುತ್ತಿದ್ದ. ಜಗುಲಿಯ ಪಕ್ಕದ ಮೊಣಕೈ ಅವನನ್ನು ನೋಡುತ್ತಿತ್ತು.

"ಇಲ್ರಿ ಅತ್ತಿ. ನಿಮ್ಮ ಮಗಾ ಇವತ್ತ ಒಂದ ಕಂಬ ಮಾಡಿದ್ರು," ಎಂದಳು ಶೀತಲ್. "ಒಂದೊಂದ ಖಡಿ ಕೈಯಾಗ ಹಿಡದು ಕುಂದ್ರಿಸಿದ್ರು. ಅಂಥಾದ್ದು ಯಾರ ಕೈಲೂ ಆಗೂದಿಲ್ಲ. ನಾ ಒಂದ ಕಲ್ಲ ಕೀಳಾಕ ನೋಡಿದೆ, ಬರಲಿಲ್ಲ."

ಅವನು ಅವಳ ಮುಖದಲ್ಲಿ ಕೊಂಕು ಹುಡುಕಿದ. ಇರಲಿಲ್ಲ. ಕಣ್ಣಿನ ಕೆಳಗೆ ಸುಸ್ತು ಇತ್ತು, ಸುತ್ತಿಗೆ ಹಿಡಿದು ಬಲ ಅಂಗೈಯಲ್ಲಿ ಒಂದು ಬೊಬ್ಬೆ ಎದ್ದಿತ್ತು.

"ಹೌದಾ?" ಸಾವಂತ್ರವ್ವನಿಗೆ ಹಿಗ್ಗೋ ಹಿಗ್ಗು. "ಅಷ್ಟ ತ್ರಾಸ ತಗೊಂಡಾನ? ಯಾರ ಸಲುವಾಗಿ?"

ಶೀತಲ್ ಬಿಸಿ ರೊಟ್ಟಿಯೊಂದನ್ನು ಅವನ ತಟ್ಟೆಗೆ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು.

"ನನ್ನ ಸಲುವಾಗಿರಿ," ಎಂದಳು.

"ನೋಡು ಮತ್ತ! ಬಾಯಿ ಬಿಟ್ಟ ಹೇಳೂದಿಲ್ಲ ಅಷ್ಟ, ಮನಸಿನ್ಯಾಗ ನಿನ್ನ ಮ್ಯಾಲ ಭಾಳ ಅದ ಅವಂಗ," ಎಂದಳು ಸಾವಂತ್ರವ್ವ. ಚನ್ನವೀರ ತಲೆಯೆತ್ತದೆ ರೊಟ್ಟಿ ಮುರಿದ.